ಫಾರ್ಮ್ಯಾಟ್ ನೋಡೋಕೆ

ತೊಂಬತ್ತಾರು ಪರ್ಸೆಂಟು. ಪರೀಕ್ಷೆಯಲ್ಲಿ ಬಂದಿದ್ದರೆ ಸ್ನೇಹಾಳ ಅವ್ವ ಟಿ. ದಾಸರಹಳ್ಳಿಯ ಬೀದಿಗೆಲ್ಲ ಪೇಡೆ ಹಂಚುತ್ತಿದ್ದಳು. ಆದರೆ ಇದು ಬಂದದ್ದು ಅವಳ ಎಂಬಿಎ ಪ್ರಾಜೆಕ್ಟ್ ರಿಪೋರ್ಟಿಗೆ, ಅದೂ ಕಾಪಿ ಹಿಡಿಯುವ ಸಾಫ್ಟ್‌ವೇರಿನಿಂದ. ನೂರಕ್ಕೆ ತೊಂಬತ್ತಾರು ಪಾಲು ಬೇರೊಬ್ಬರದ್ದು ಎಂದು ಪುಟಪುಟಕ್ಕೂ ಕೆಂಪು ಬಳಿದು ಕೊಟ್ಟಿತ್ತು. ಆ ಬೇರೊಬ್ಬರು ಯಾರಪ್ಪಾ ಎಂದರೆ, ಗೈಡ್ ರಾಧಾಮಣಿ ಮೇಡಂ ಎದುರು ಇವಳ ಪಕ್ಕದಲ್ಲೇ ತಲೆ ತಗ್ಗಿಸಿ ನಿಂತಿದ್ದ ಗೆಳತಿ ನಯನಾ.

ನಡೆದದ್ದು ಇಷ್ಟೇ. ಹೋದ ವಾರ ನಯನಾ, "ಮಗಾ, ನಿನ್ ರಿಪೋರ್ಟ್ ಸ್ವಲ್ಪ ಕಳ್ಸು, ಫಾರ್ಮ್ಯಾಟ್ ನೋಡೋಕೆ" ಎಂದಿದ್ದಳು. ಯಲಹಂಕದ ಆ ಕಾಲೇಜಿನಲ್ಲಿ ಫಾರ್ಮ್ಯಾಟ್ ನೋಡುವುದು ಹಲ್ಲುಜ್ಜಿದಷ್ಟೇ ಸಹಜ. ಇನ್ನೊಬ್ಬರ ರಿಪೋರ್ಟ್ ಮುಂದಿಟ್ಟುಕೊಳ್ಳದೆ ಅಲ್ಲಿ ಯಾರೂ ಒಂದು ಮಾರ್ಜಿನ್ ಕೂಡ ಎಳೆಯುವವರಲ್ಲ. ಸ್ನೇಹಾ ಹಿಂದೆಮುಂದೆ ನೋಡದೆ ಕಳಿಸಿದಳು. ಆ ಮಹಾತಾಯಿ ಹೆಸರೊಂದನ್ನು ಬದಲಿಸಿ, ಇವಳಿಗಿಂತ ಒಂದು ದಿನ ಮುಂಚೆ ಸಬ್ಮಿಟ್ ಮಾಡಿಬಿಟ್ಟಳು. ಮೊದಲು ಬಂದದ್ದು ಅಸಲಿ, ಆಮೇಲೆ ಬಂದದ್ದು ಕಾಪಿ. ಸಾಫ್ಟ್‌ವೇರಿಗೆ ಗೊತ್ತಿರುವ ನ್ಯಾಯ ಅಷ್ಟೇ.

"ಇಬ್ರೂ ನಂದೇ ಅಂತೀರಾ," ಎಂದರು ಮೇಡಂ. "ಹೆಸರಘಟ್ಟದಲ್ಲಿ ಡೈರಿಗೆ ಹಾಲು ಹಾಕೋ ನೂರು ಹೆಂಗಸರನ್ನ ಕೇಳಿದೀನಿ ಅಂತ ಬರ್ದಿದೀರಾ. ಹಾಗಾದ್ರೆ ಆ ನೂರು ಫಾರಂ ಎಲ್ಲೋ ಇರ್ಬೇಕಲ್ಲ. ಮೂರು ಗಂಟೆಗೆ ತನ್ನಿ. ಯಾರ ಹತ್ರ ಇದೆಯೋ ರಿಪೋರ್ಟ್ ಅವರದು. ಯಾರೂ ತರ್ಲಿಲ್ಲ ಅಂದ್ರೆ ಇಬ್ರೂ ಫೇಲ್."

ಫೇಲ್ ಎಂದರೆ ಸ್ನೇಹಾಳ ಕೆಲಸವೂ ಹೋದಂತೆ. ಹೆಬ್ಬಾಳದ ಕಂಪನಿಯೊಂದು ಜುಲೈಗೆ ಕೆಲಸಕ್ಕೆ ಬಾ ಎಂದಿತ್ತು, ಪಾಸಾದ ಕಾಗದ ಕೈಯಲ್ಲಿದ್ದರೆ ಮಾತ್ರ. ಅಪ್ಪ ವೀರಬಸಪ್ಪ ದುಡಿಯುವ ಪೀಣ್ಯದ ಫ್ಯಾಕ್ಟರಿ ಈ ತಿಂಗಳ ಕೊನೆಗೆ ಬಾಗಿಲು ಹಾಕುತ್ತಿತ್ತು. ಆಮೇಲೆ ಆ ಮನೆಯಲ್ಲಿ ಕೆಲಸಕ್ಕೆ ಹೋಗುವ ಜೀವ ಇವಳೊಬ್ಬಳೇ.

ಕಾರಿಡಾರಿನಲ್ಲಿ ನಯನಾ ಕೈ ಹಿಡಿದು ನಿಲ್ಲಿಸಿದಳು. "ಸಾರಿ ಕಣೇ. ಟೈಮ್ ಇರ್ಲಿಲ್ಲ, ಏನೋ ಮಾಡ್ಬಿಟ್ಟೆ. ಆದ್ರೆ ಆ ಫಾರಂ ಮಾತ್ರ ಹೊರಗೆ ತೆಗೀಬೇಡ. ನೀನು ಕ್ಯಾಂಟೀನಲ್ಲಿ ಕೂತು ತುಂಬಿದ್ದು ನಾನೇ ನೋಡಿದೀನಿ."

"ತೆಗೀದಿದ್ರೂ ಸತ್ತೆ ಅಲ್ವಾ?" ಎಂದು ಕೈ ಕೊಡವಿಕೊಂಡು ಸ್ನೇಹಾ ಬಸ್‌ಸ್ಟಾಪಿಗೆ ಓಡಿದಳು.

ನಯನಾ ಹೇಳಿದ್ದು ಸುಳ್ಳಲ್ಲ. ಸ್ನೇಹಾ ಎರಡು ಭಾನುವಾರ ನಸುಕಿಗೇ ಎದ್ದು ಹೆಸರಘಟ್ಟಕ್ಕೆ ಹೋಗಿದ್ದು ನಿಜ, ಡೈರಿ ಮುಂದೆ ಕ್ಯಾನ್ ಹಿಡಿದು ನಿಂತವರ ಹಿಂದೆ ಅಲೆದದ್ದೂ ನಿಜ. ಆದರೆ ಹಾಲು ಹಾಕಿ ಮನೆಗೆ ಓಡುವವರಿಗೆ ಇವಳ ಇಪ್ಪತ್ತು ಪ್ರಶ್ನೆಗೆ ಪುರುಸೊತ್ತೆಲ್ಲಿ? ಸಿಕ್ಕವರು ಹನ್ನೊಂದು ಜನ. ಉಳಿದ ಎಂಬತ್ತೊಂಬತ್ತನ್ನು ಅವಳೇ ಮೂರು ಪೆನ್ನು ಬದಲಿಸುತ್ತ, ಮಧ್ಯೆ ಚಿತ್ರಾನ್ನ ತಿನ್ನುತ್ತ, ಒಂದೇ ಮಧ್ಯಾಹ್ನದಲ್ಲಿ ತುಂಬಿ ಮುಗಿಸಿದ್ದಳು. ಎಲ್ಲರೂ ಹಾಗೇ ಮಾಡುತ್ತಾರೆ ಎಂದು ಆಗ ಅವಳಿಗೆ ಸಮಾಧಾನವಿತ್ತು. ಈಗ ರಿಪೋರ್ಟ್ ತನ್ನದೆಂದು ಮೇಡಂ ಒಪ್ಪುವ ಸಾಕ್ಷಿ ಆ ಫಾರಂ ಕಟ್ಟೊಂದೇ, ಅದರಲ್ಲಿ ಮುಕ್ಕಾಲಿಗಿಂತ ಹೆಚ್ಚು ಸುಳ್ಳು. ಗಂಗಮ್ಮ ಸರ್ಕಲ್ಲಿನ ಟ್ರಾಫಿಕ್ಕಿನಲ್ಲಿ ಬಸ್ಸು ನಿಂತಾಗ ಅವಳಿಗೆ ಅಳುವುದಕ್ಕೂ ಆಗಲಿಲ್ಲ.

ಮನೆಯಲ್ಲಿ ಅವ್ವ ರತ್ನವ್ವ ರೊಟ್ಟಿ ಬಡಿಯುತ್ತಿದ್ದಳು. "ಯಾಕವ್ವಾ, ಇಷ್ಟ್ ಲಗೂನ ಬಂದಿ? ಉಂಡು ಹೋಗು."

"ಬ್ಯಾಡವ್ವಾ, ಹೊತ್ತಾಗೇತಿ." ಸ್ನೇಹಾ ಮಂಚದ ಕೆಳಗಿನಿಂದ ಕಟ್ಟು ಎಳೆದಳು.

"ನಿಮ್ಮಪ್ಪ ಫ್ಯಾಕ್ಟರಿಯೊಳಗ ಎಲ್ಲಾರಿಗೂ ಹೇಳ್ಯಾನ, ನನ್ ಮಗಳು ಹೆಬ್ಬಾಳದಾಗ ಆಫೀಸರ್ ಆಗ್ತಾಳ ಅಂತ. ನಿನ್ನೆ ಅದನ್ನ ಹೇಳಿ ಹೇಳಿ ನಗಾಕತ್ತಿದ್ದ."

ಆ ಮಾತು ಕೇಳಿದ ಮೇಲೆ ಕಟ್ಟನ್ನು ಅಲ್ಲೇ ಬಿಟ್ಟು ಹೋಗಲು ಅವಳಿಗೆ ಧೈರ್ಯ ಬರಲಿಲ್ಲ. ಬಸ್ಸಿನಲ್ಲಿ ಹನ್ನೊಂದು ನಿಜದ ಫಾರಮ್ಮುಗಳನ್ನು ಮೇಲಿಟ್ಟು ಹುರಿ ಕಟ್ಟಿದಳು. ಮೇಡಂ ನಾಲ್ಕು ಹಾಳೆ ನೋಡಿ ಸಾಕೆನ್ನಲಿ, ಇದೊಂದು ಸಲ ಪಾರುಮಾಡಪ್ಪಾ ಎಂದು ದಾರಿಯುದ್ದಕ್ಕೂ ದೇವರಿಗೆ ಗೋಗರೆದಳು.

ಮೂರಕ್ಕೆ ನಯನಾ ಬರಲೇ ಇಲ್ಲ. ಮೇಡಂ ಮೊದಲ ಹಾಳೆಗಳನ್ನು ನೋಡಿದರು: ಹಾಲಿನ ಕಲೆ, ಹೆಬ್ಬೆಟ್ಟಿನ ಗುರುತು. ಅವರ ಮುಖ ಸಡಿಲವಾಯಿತು. "ನಿಂದೇ ಕಣಮ್ಮ ರಿಪೋರ್ಟು" ಎಂದರು. ಸ್ನೇಹಾಗೆ ಹೋದ ಜೀವ ಬಂದಂತಾಯಿತು. ಅಷ್ಟಕ್ಕೇ ಬಿಡಬಾರದಿತ್ತೇ ಆ ಪುಣ್ಯಾತ್ಗಿತ್ತಿ? ಹುರಿ ಬಿಚ್ಚಿ ಮಧ್ಯದಿಂದ ಒಂದು ಹಾಳೆ ಎಳೆದರು.

"ದಾನವ್ವ," ಎಂದು ಓದಿದರು. ಇನ್ನೊಂದು ತೆಗೆದರು. "ಕಲ್ಲವ್ವ. ನೀಲವ್ವ. ಗಂಗವ್ವ. ಶಾಂತವ್ವ." ಕನ್ನಡಕ ತೆಗೆದು ಕೆಳಗಿಟ್ಟರು. "ನಾನು ಹುಟ್ಟಿದ್ದೇ ಹೆಸರಘಟ್ಟದ ಪಕ್ಕದ ಊರಲ್ಲಿ. ನಮ್ಮ ಕಡೆ ಇಷ್ಟೊಂದು ಅವ್ವಂದಿರು ಯಾವಾಗ ಬಂದು ಹಸು ಕಟ್ಟಿದ್ರು?"

ಕ್ಯಾಂಟೀನಿನಲ್ಲಿ ಕೂತು ಹೆಸರು ಹುಡುಕುವಾಗ ಸ್ನೇಹಾಳ ಬಾಯಿಗೆ ಬಂದವರೆಲ್ಲ ವಿಜಯಪುರದ ಕಡೆಯ ತನ್ನವರೇ. ದಾನವ್ವ ಅವಳ ಅಜ್ಜಿ. ಜನ್ಮದಲ್ಲಿ ಬೆಂಗಳೂರು ನೋಡದೆ ತೀರಿಕೊಂಡ ಆ ಅಜ್ಜಿ, ಹೆಸರಘಟ್ಟದ ಡೈರಿಯ ಸೇವೆಗೆ ಐದಕ್ಕೆ ನಾಲ್ಕು ಅಂಕ ಕೊಟ್ಟಿದ್ದಳು.

"ಇದರಲ್ಲಿ ಎಷ್ಟು ನಿಜ?"

"ಹನ್ನೊಂದು, ಮೇಡಂ."

ಮೇಡಂ ಮೊದಲ ಹಾಳೆಯನ್ನೇ ಮತ್ತೆ ಕೈಗೆತ್ತಿಕೊಂಡರು. ಅದು ಮುನಿವೆಂಕಟಮ್ಮನದು. ಅಂಕ ಹಾಕುವ ಚೌಕ ಖಾಲಿಯಿತ್ತು. ಅವಳು ಹೇಳಿದ್ದನ್ನು ಸ್ನೇಹಾ ಅಂಚಿನಲ್ಲಿ ಹೇಳಿದ ಹಾಗೇ ಬರೆದುಕೊಂಡಿದ್ದಳು: "ಐದ್ರಾಗೆ ಎಷ್ಟು ಅಂದ್ರೆ ಏನಂತ ಏಳ್ಲವ್ವಾ. ನಾಕ್ ಗಂಟೆಗೆ ಎದ್ದು ಆಲು ಕರೆಯೋಳು ನಾನು. ಡೈರಿ ಪುಸ್ತಕದಾಗೆ ಎಸ್ರು ನನ್ ಗಂಡಂದು. ಅವ್ನು ಓಗಿ ಆರು ವರ್ಸ ಆಯ್ತು."

"ಇದು ರಿಪೋರ್ಟಲ್ಲಿ ಯಾಕಿಲ್ಲ?"

"ಅಕಾಡೆಮಿಕ್ ರೈಟಿಂಗಲ್ಲಿ ಇಂಥದ್ದೆಲ್ಲ ಬರಲ್ಲ ಅನ್ಕೊಂಡೆ. ನಾನು ನೋಡಿದ ರಿಪೋರ್ಟಲ್ಲಿ ಇರ್ಲಿಲ್ಲ."

"ನೂರು ಜನ ಬೇಕು ಅಂತ ಯಾರು ಹೇಳಿದ್ದು?"

"ಅದ್ರಲ್ಲೇ ನೂರಿತ್ತು ಮೇಡಂ. ಸೀನಿಯರ್‌ದು. ಫಾರ್ಮ್ಯಾಟ್ ನೋಡೋಕೆ ತಗೊಂಡಿದ್ದೆ."

ಮೇಡಂ ಹಣೆ ಒತ್ತಿಕೊಂಡರು. "ಹನ್ನೊಂದೇ ಸಾಕಿತ್ತಲ್ಲಮ್ಮ. ಹನ್ನೊಂದು ಜನ, ಅವರು ಹೇಳಿದ್ದು ಹೇಳಿದ ಹಾಗೆ. ಮೆಥಡ್ ಬೇರೆ ಆಗ್ತಿತ್ತು ಅಷ್ಟೇ, ಕಣ್ಮುಚ್ಕೊಂಡು ಸೈನ್ ಹಾಕ್ತಿದ್ದೆ. ಒಂದ್ ಸಲ ನನ್ನ ರೂಮಿಗೆ ಬಂದು ಕೇಳೋಕೆ ಆಗ್ಲಿಲ್ವಾ?"

ಕೇಳುವುದೆಂಬುದು ಅವಳಿಗೆ ಹೊಳೆದೇ ಇರಲಿಲ್ಲ.

"ಮೇಡಂ, ಇದೊಂದ್ಸಲ. ಅಪ್ಪಂದು ಫ್ಯಾಕ್ಟರಿ ಮುಚ್ತಾ ಇದೆ. ನಿಮ್ಮ ಕಾಲಿಗೆ ಬೀಳ್ತೀನಿ."

"ಬೀಳ್ಬೇಡ. ನೋಡಿ ಸುಮ್ನಿರೋಕೆ ನನ್ನಿಂದ ಆಗಲ್ಲ." ಮೇಡಂ ಧ್ವನಿಯೂ ಗಟ್ಟಿಯಾಗಿರಲಿಲ್ಲ. "ನಯನಾ ಕಾಪಿ ಹೊಡೆದ್ಲು, ನೀನು ಸುಳ್ಳು ತುಂಬಿದೆ. ಇಬ್ರೂ ಮುಂದಿನ ವರ್ಷ ಹೊಸದಾಗಿ ಮಾಡ್ಬೇಕು." ಒಂದು ಬಿಳಿ ಹಾಳೆ ಮುಂದೆ ಸರಿಸಿದರು. "ಏನು ನಡೀತು ಅಂತ ಬರೆದು ಸೈನ್ ಮಾಡು. ಕಮಿಟಿಗೆ ಕಳಿಸ್ಬೇಕು."

ಸ್ನೇಹಾ ಪೆನ್ನು ಹಿಡಿದಳು. ಬ್ಯಾಗಿನಲ್ಲಿ ಫೋನು ಎರಡನೇ ಸಲ ಹೊಡೆದುಕೊಂಡಿತು. ಅಪ್ಪನೇ ಇರಬೇಕು, ಇವಳು ಬಂದು ಓಡಿದ್ದನ್ನು ಅವ್ವನಿಂದ ಕೇಳಿ ಊಟದ ಬಿಡುವಿನಿಂದ ಕಾಯುತ್ತಿದ್ದನೇನೋ. ಹಾಳೆಯ ತುದಿಯಿಂದ ತುದಿಗೆ ಕಣ್ಣಾಡಿಸಿ ಅವಳು ಮೆಲ್ಲಗೆ ಕೇಳಿದಳು.

"ಮೇಡಂ, ಇದಕ್ಕೆ ಫಾರ್ಮ್ಯಾಟ್ ಏನಾದ್ರೂ ಇದ್ಯಾ?"

ಕೇಳಿದ ಮೇಲೆ ಆ ಮಾತು ಅವಳಿಗೇ ಕೇಳಿಸಿತು. ಮೇಡಂ ಕಿಟಕಿಯ ಕಡೆ ತಿರುಗಿಕೊಂಡರು. ಸ್ನೇಹಾ ಕಣ್ಣೊರೆಸಿಕೊಂಡು, ಯಾರದನ್ನೂ ನೋಡದೆ, ಮೊದಲ ಸಾಲು ಬರೆದಳು: ನಾನು ಹನ್ನೊಂದು ಜನರನ್ನು ಮಾತ್ರ ಮಾತಾಡಿಸಿದೆ.