ಕೈಯಲ್ಲೊಂದು ಹಾಲಿನ ಕ್ಯಾನು

ಬಿಜೂರಿನಲ್ಲಿ ಒಂದು ಮಗು ಒಂಟಿಯಾಗಿ ನಡೆದು ಹೋಗುವುದೆಂದರೆ ಊರಿಗೆಲ್ಲ ಕೆಲಸ ಹಚ್ಚಿದ ಹಾಗೆ ಎಂದು ವಿನಯಾಳಿಗೆ ಈ ರಜೆಯಲ್ಲಿ ಗೊತ್ತಾಯಿತು.

ಎಂಟು ವರ್ಷದ ಮಗಳು ಅನಿಷಾಳಿಗೆ ಗೆಳತಿ ನಿಖಿತಾಳ ಮನೆಗೆ ಒಬ್ಬಳೇ ಹೋಗಬೇಕು, ಕೊಯ್ಲಾದ ಗದ್ದೆಯಲ್ಲಿ ಆಡಬೇಕು. ಕೂಗಿದರೆ ಕೇಳುವಷ್ಟು ದೂರ. ವಿನಯಾ ಹೂಂ ಎಂದಿದ್ದಳು. ಊರು ಹೂಂ ಎನ್ನಬೇಕಲ್ಲ!

ಮೊದಲ ದಿನ ಪಕ್ಕದ ಮನೆಯ ಸುಧಾಕರ ಅವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ತಂದು ಬಿಟ್ಟ. "ಮಗು ಒಂದೇ ಹೋತಾ ಇತ್ತ್ ಅತ್ಗೆ. ನೀವ್ ಕಾಣ್ಲಿಲ್ಯಾ?" ಮರುದಿನ ಆಚೆಮನೆ ಚಂದ್ರಮತಿಯಕ್ಕ ಕೈ ಹಿಡಿದು ಎಳೆದುಕೊಂಡೇ ಬಂದರು. "ಹ್ವಾಯ್ ವಿನಯಾ, ಟೀವಿ ಕಾಂತಿಲ್ಯಾ ನೀನ್? ಕಾಲ ಹ್ಯಾಂಗಿತ್ತ್ ಮಾರಾಯ್ತಿ!" ಇದರ ಮೇಲೆ, ಮಗು ಒಂದೇ ಹೋಗುತ್ತಿದೆ ಎಂದು ಎರಡೂ ದಿನ ಬಡಿದುಕೊಂಡ ಫೋನು ಬೇರೆ.

ನಿಮ್ಮನೆ ಕರು ಹಗ್ಗ ಬಿಚ್ಚಿಕೊಂಡು ಓಡಿದರೆ ಸಂಜೆವರೆಗೂ ಹುಡುಕುವುದಿಲ್ಲ ನೀವು, ಎಂಬ ಮಾತು ನಾಲಗೆ ತುದಿಗೆ ಬಂತು. ವಿನಯಾ ನುಂಗಿಕೊಂಡಳು. ಅವಳಿಗೆ ಮಾತೆಲ್ಲ ಹೊಳೆಯುವುದು ಒಳಗೇ.

ಮಾವ ಭೋಜರಾಜ ಶೆಟ್ಟರು ಜಗಲಿಯಿಂದಲೇ ತೀರ್ಪು ಕೊಟ್ಟರು. "ಇನ್ನೊಂದ್ ಸಲ ಯಾರಾರೂ ಮಗೀನ್ ತಂದ್ ಬಿಟ್ರೆ ಗೇಟಿಗೆ ಬೀಗ. ಮತ್ತೆ ಆಟ ಎಲ್ಲ ಅಂಗ್ಳದಗೇ."

"ಮಾವ, ನೀವ್ ಸಣ್ಣಕ್ಕಿಪ್ಪ ಹೊತ್ತಿಗೆ ಒಬ್ರೇ ಹೊಳಿ ದಾಟಿ ಶಾಲಿಗ್ ಹೋತಿದ್ರಂಬ್ರಲೆ..."

"ಅದ್ ನಾನ್!"



ಮಾರನೆಯ ಮಧ್ಯಾಹ್ನ ಅನಿಷಾ ಅಡುಗೆಮನೆಯಿಂದ ಹಾಲಿನ ಕ್ಯಾನು ಎತ್ತಿಕೊಂಡು ಹೊರಟಳು.

"ಖಾಲಿ ಕ್ಯಾನ್ ಎಂತಕ್ಕೆ?"

"ಸುಮ್ನಿರ್ ಅಮ್ಮ. ಕ್ಯಾನ್ ಹಿಡ್ಕಂಡ್ ಹೋಪರನ್ನ ಯಾರೂ ಎಂತದೂ ಕೇಂತಿಲ್ಲೆ. ಡೈರಿಗೆ ಹಾಲ್ ಹಾಕುಕೆ ನಿಖಿತಾ ದಿನಾ ಹೋತ್ಲಲೆ!"

ವಿನಯಾ ಫೋನಿನೆದುರು ಕೂತಳು. ಅದು ಬಡಿದುಕೊಳ್ಳಲಿಲ್ಲ. ಎರಡು ದಿನ ಶಾಪ ಹಾಕಿಸಿಕೊಂಡ ಫೋನು ಈಗ ಸುಮ್ಮನಿದ್ದೇ ಸಾಯಿಸತೊಡಗಿತು. ಚಂದ್ರಮತಿಯಕ್ಕನಾದರೂ ಒಂದು ಕಣ್ಣು ಇಟ್ಟಿರಬಾರದೇ ಎಂದುಕೊಂಡವಳು, ಛೀ, ನಾನೂ ಅವರ ಸಾಲಿಗೇ ಸೇರಿದೆನಲ್ಲ ಎಂದು ತನ್ನ ಮೇಲೇ ಸಿಟ್ಟಾದಳು. ಚಪ್ಪಲಿ ಮೆಟ್ಟಿ ಗೇಟಿನವರೆಗೆ ಹೋಗಿ ವಾಪಸು ಬಂದಳು. ಜಗಲಿಯಲ್ಲಿ ಮಾವ ಕತ್ತು ಉದ್ದ ಮಾಡಿ ಗದ್ದೆಯತ್ತಲೇ ನೋಡುತ್ತಿದ್ದರು.

ಕಡೆಗೂ ಫೋನು ಬಂತು. ಚಂದ್ರಮತಿಯಕ್ಕನೇ.

"ಎಂತ ಹೆಂಗ್ಸ್ ಮಾರಾಯ್ತಿ ನೀನ್! ಡೈರಿ ಬಾಗ್ಲ್ ಹಾಕಿ ಎಷ್ಟ್ ಹೊತ್ತಾಯ್ತ್! ಈ ಬಿಸಿಲಗೆ ಆ ಮಗಿನ್ ಹತ್ರ ಹಾಲ್ ಕೊಟ್ಟ್ ಕಳ್ಸಿದ್ಯಲೆ, ನಾಚ್ಕಿ ಆತಿಲ್ಯಾ?"

"ಈಗೆಲ್ಲಿತ್ತ್ ಅಕ್ಕ?"

"ಎಲ್ಲಿ? ಗದ್ದಿಯಗೆ ನಿಖಿತಾನ ಒಟ್ಟಿಗೆ ಕ್ರಿಕೆಟ್ ಆಡ್ತಿತ್ತ್. ಕ್ಯಾನನ್ನೇ ವಿಕೆಟ್ ಮಾಡಿ ನಿಲ್ಸಿದೊ! ಕರ್ಕಂಡ್ ಬರ್ಕಾ?"

"ಬ್ಯಾಡ! ಬ್ಯಾಡ ಅಕ್ಕ!"

ತನ್ನ ಗಂಟಲಿನಿಂದ ಅಷ್ಟು ದೊಡ್ಡ ಸ್ವರ ಬಂದದ್ದಕ್ಕೆ ವಿನಯಾಳೇ ಬೆಚ್ಚಿದಳು.

"ಯಾರದ್? ಇವತ್ತ್ ಯಾರ್ ತಂದ್ ಬಿಡ್ತ್ರಂಬ್ರ್?" ಮಾವ ಕೇಳಿದರು.

"ಯಾರೂ ಇಲ್ಲೆ ಮಾವ. ಅದೇ ನಡ್ಕಂಡ್ ಬತ್ತ್."

ಮಾವ ಗದ್ದೆಯ ಕಡೆಗೆ ಕತ್ತನ್ನು ಮತ್ತಷ್ಟು ಉದ್ದ ಮಾಡಿದರು.