ಹಲಗೆಗೆ ಗುನ್ವೋರ್ ಕೇಳಿದ ಪ್ರಶ್ನೆ

ಗುನ್ವೋರ್ ಯಾವ ವಸ್ತುವನ್ನೂ ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟದೆ ಮುಂದೆ ಹೋದವರಲ್ಲ. ಬಾಗಿಲು, ಮೇಜು, ಟ್ರಾಮಿನ ಕಂಬಿ, ಹೊಸದಾಗಿ ಕೊಂಡ ಬಾಣಲೆ, ಎಲ್ಲವನ್ನೂ ತಟ್ಟಿ, ತಲೆಯನ್ನು ಎಡಕ್ಕೆ ವಾಲಿಸಿ, ಎದುರಿಗಿರುವುದು ಉತ್ತರ ಕೊಡಲೇಬೇಕೆಂಬ ಗಾಂಭೀರ್ಯದಿಂದ ಕೇಳುತ್ತಿದ್ದರು: "ಸರಿ, ಇನ್ನೇನು ಮಾಡ್ತೀಯ?" ಒಂದೇ ಕೆಲಸ ಮಾಡಿ ಸುಮ್ಮನಾಗುವ ವಸ್ತುವೆಂದರೆ ಅವರಿಗೆ ಮೈಯೆಲ್ಲ ಉರಿ. ಮನುಷ್ಯರ ವಿಷಯದಲ್ಲೂ ಅಷ್ಟೇ. ಗೋಥೆನ್‌ಬರ್ಗಿನ ಪ್ರಯೋಗಾಲಯಕ್ಕೆ ನಾನು ಸೇರಿದ ದಿನ, "ಭಾರದ ಲೆಕ್ಕ ಹಾಕ್ತೀನಿ, ಯಾವುದು ಎಷ್ಟು ಹೊತ್ತರೆ ಮುರಿಯುತ್ತೆ ಅಂತ ಹೇಳ್ತೀನಿ" ಎಂದು ವಿನಯದಿಂದ ಪರಿಚಯಿಸಿಕೊಂಡಾಗ, ನನ್ನ ಭುಜವನ್ನೇ ತಟ್ಟಿ ಅದೇ ಪ್ರಶ್ನೆ ಕೇಳಿದ್ದರು. ಆ ನಾಡಿನಲ್ಲಿ ಎಲ್ಲರೂ ಎಲ್ಲರಿಗೂ 'ನೀನು'. ಬಾಯಿ ಅದಕ್ಕೆ ಒಗ್ಗಿತಾದರೂ, ಅವರ ಬಗ್ಗೆ ಬರೆಯುವಾಗ ಬಹುವಚನವನ್ನು ಬಿಡಲು ನನ್ನ ಕೈ ಇನ್ನೂ ಒಪ್ಪುವುದಿಲ್ಲ.

ಬ್ರೆನ್ನೊ ದ್ವೀಪದ ಮೀನುಗಾರನ ಮಗಳಾದ ಅವರು, ನೆಲ ಯಾವ ಕ್ಷಣದಲ್ಲಾದರೂ ಓಲಾಡೀತು ಎಂಬಂತೆ ಕಾಲಗಲಿಸಿ ನಡೆಯುತ್ತಿದ್ದರು. ಮೈಮೇಲೆ ಸದಾ ಅಪ್ಪನ ಹಳದಿ ಮಳೆಯಂಗಿ. ಬಂಡೆಯ ಮೇಲೆ ಅದು ಚಾಪೆ, ಗಾಳಿ ಬೀಸಿದರೆ ಪರದೆ, ಕಾಫಿಯ ಹೊತ್ತಿಗೆ ಮೇಜಿನ ಹಾಸು; ಮಳೆ ಬಂದಾಗ ಮಾತ್ರ, ಪಾಪ, ಅಷ್ಟೊಂದು ತೂತುಗಳಿದ್ದುದರಿಂದ, ಅದು ಯಾವ ಉಪಯೋಗಕ್ಕೂ ಬರುತ್ತಿರಲಿಲ್ಲ.

ಇಂಥವರು ಬ್ಯಾಟರಿಯ ಮೇಲೆ ಹಗೆ ಸಾಧಿಸಿದ್ದರಲ್ಲಿ ಆಶ್ಚರ್ಯವಿಲ್ಲ. "ಗಾಡಿ ಮೈಯಲ್ಲಿ ಅಷ್ಟು ತೂಕದ ಪೆಟ್ಟಿಗೆ! ಏನನ್ನೂ ಹೊರಲ್ಲ, ಹೊರಿಸ್ಕೊಂಡು ಕೂತಿರುತ್ತೆ, ಮನೆಗೆ ಬಂದ ಭಾವನ ಹಾಗೆ" ಎನ್ನುತ್ತಿದ್ದರು. ಗಾಡಿಯ ಮೈಯೇ ವಿದ್ಯುತ್ತನ್ನು ಕೂಡಿಟ್ಟುಕೊಳ್ಳಬೇಕು, ಭಾರ ಹೊರುವ ಹಲಗೆಯೇ ಬ್ಯಾಟರಿಯಾಗಬೇಕು ಎಂಬುದು ಅವರ ಜೀವಮಾನದ ಹಟ. ಕಾರ್ಬನ್ ನಾರು ಎರಡನ್ನೂ ಬಲ್ಲದು. ತೊಡಕಿರುವುದು ಆ ನಾರುಗಳನ್ನು ಬೆಸೆಯುವ ಅಂಟಿನಲ್ಲಿ. ಗಟ್ಟಿಯಾಗಿ ಬೆಸೆದರೆ ವಿದ್ಯುತ್ಕಣಗಳಿಗೆ ದಾರಿಯಿಲ್ಲ, ದಾರಿ ಬಿಟ್ಟರೆ ಹಲಗೆಗೆ ಬಲವಿಲ್ಲ. ವರ್ಷಗಟ್ಟಲೆ ಈ ಹಗ್ಗಜಗ್ಗಾಟ ನಡೆಯಿತು. "ಅತ್ತ ಬ್ಯಾಟರಿಯೂ ಅಲ್ಲ, ಇತ್ತ ಹಲಗೆಯೂ ಅಲ್ಲ" ಎಂದು ಪಕ್ಕದ ಕೋಣೆಯವರು ಆಡಿಕೊಂಡರೆ, ಗುನ್ವೋರ್ ಕುರ್ಚಿ ಬಿಟ್ಟೆದ್ದು, ಎರಡು ಇಟ್ಟಿಗೆಗಳ ಮೇಲೆ ಆ ಹಲಗೆಯನ್ನಿಟ್ಟು, ಅದರ ಮೇಲೆಯೇ ಕೂತು ದಾಲ್ಚಿನ್ನಿ ಬನ್ನು ತಿನ್ನುತ್ತಿದ್ದರು.

ಕೊನೆಗೊಂದು ವಸಂತದಲ್ಲಿ ವಿಭಾಗದ ಮುಖ್ಯಸ್ಥ ಲೆನ್ನಾರ್ಟ್ ಬಂದು, ಕಣ್ಣು ತಪ್ಪಿಸುತ್ತಲೇ ಹೇಳಿದ: "ಗುನ್ವೋರ್, ಬೇಸಿಗೆ ಮುಗಿಯೋದ್ರೊಳಗೆ ನಿಜವಾದ ಗಾಡೀಲಿ, ನಿಜವಾದ ಭಾರ ಹೊರಿಸಿ ತೋರಿಸು. ಇಲ್ದಿದ್ರೆ ಈ ಕೋಣೆ ಬೇರೆಯವರಿಗೆ ಹೋಗುತ್ತೆ." ತೇವವೇ ಸೋಕದ ಆ ಕೋಣೆ ಕೈತಪ್ಪಿದರೆ ಹಲಗೆ ಮಾಡುವುದೇ ಸಾಧ್ಯವಿರಲಿಲ್ಲ. ಅವರ ಅಷ್ಟೂ ಆಯುಷ್ಯ ಅದರಲ್ಲಿತ್ತು.

ನಿಜವಾದ ಗಾಡಿ ಅವರ ಮನೆಯಲ್ಲೇ ಇತ್ತು. ಬ್ರೆನ್ನೊದಲ್ಲಿ ಕಾರುಗಳಿಲ್ಲ, ಮುಂಭಾಗದಲ್ಲಿ ಹಲಗೆ ಕಟ್ಟಿದ ಮೂರು ಚಕ್ರದ ಮೊಪೆಡ್‌ಗಳೇ ದೋಣಿಕಟ್ಟೆಯಿಂದ ಮನೆಗಳಿಗೆ ಎಲ್ಲವನ್ನೂ ಸಾಗಿಸುತ್ತವೆ. ಅವರ ತಮ್ಮ ಹೋಲ್ಗರನದ್ದೂ ಅದೇ ಕಸುಬು. ಅವನ ಮೊಪೆಡ್ಡಿನ ಎಂಜಿನ್ನು ಕಿತ್ತು ಮೋಟಾರು ಕೂರಿಸಿ, ಮರದ ಹಲಗೆ ತೆಗೆದು ತಮ್ಮ ಕರಿಯ ಹಲಗೆಯನ್ನು ಬಿಗಿದರು ಗುನ್ವೋರ್. ಹೋಲ್ಗರ್ ಬಗ್ಗಿ ಕೆಳಗೆಲ್ಲ ಇಣುಕಿ ನೋಡಿದ.

"ಬ್ಯಾಟರಿ ಎಲ್ಲಿ ಅಕ್ಕಾ?"

"ಕೈ ಊರಿದ್ದೀಯಲ್ಲ, ಅದೇ."

ಅವನು ಸರಕ್ಕನೆ ಕೈ ತೆಗೆದ. ನಿಜವಾದ ಭಾರ ತಾನು ಕೊಡುತ್ತೇನೆಂದು, ಬೆಳಗಿನ ದೋಣಿಯಲ್ಲಿ ಬಂದಿಳಿದಿದ್ದ ಎರಕದ ಕಬ್ಬಿಣದ ಒಲೆಯನ್ನು ನಾಲ್ವರಿಂದ ಎತ್ತಿಸಿ ಇಟ್ಟ. ಕಟ್ಟೆಯ ಮೇಲೆ ಅರ್ಧ ದ್ವೀಪವೇ ನೆರೆದಿತ್ತು. ಗಾಡಿ ಸದ್ದಿಲ್ಲದೆ ಹೊರಟಿತು! ನನಗೆ ಕುಣಿಯಬೇಕೆನಿಸಿತು. ಆದರೆ ಏರಿನ ನಡುವೆ ಉಸಿರು ಬಿಡಲೆಂದು ನಿಲ್ಲಿಸಿದಾಗ, ಹಲಗೆಯ ವಿದ್ಯುತ್ತನ್ನು ಅಳೆಯಲು ಜೋಡಿಸಿದ್ದ ಮೀಟರಿನ ಮುಳ್ಳು ಇರಬೇಕಾದಲ್ಲಿ ಇರಲಿಲ್ಲ.

"ಒಳಗೆಲ್ಲೋ ಸೀಳು ಬಿಟ್ಟಿದೆ, ಇಳಿಸಿಬಿಡಿ" ಎಂದ, ಪರೀಕ್ಷೆ ನೋಡಲೆಂದೇ ದ್ವೀಪಕ್ಕೆ ಬಂದಿದ್ದ ಲೆನ್ನಾರ್ಟ್. ಆ ಹಲಗೆ ಎಷ್ಟು ಹೊರಬಲ್ಲುದೆಂಬ ಲೆಕ್ಕ ನನ್ನದೇ. ಇನ್ನು ಮುಗಿಯಿತೆಂದು ಹೋಲ್ಗರ್ ಹೋಗಿ ಒಲೆಯ ಮೇಲೆಯೇ ದೊಪ್ಪನೆ ಕೂತ. ಮುಳ್ಳು ಇನ್ನಷ್ಟು ಸರಿಯಿತು.

"ಹೋಲ್ಗರ್, ಏಳು" ಎಂದರು ಗುನ್ವೋರ್.

ಎದ್ದ. ಮುಳ್ಳು ಹಿಂದಕ್ಕೆ ಬಂತು.

"ಕೂತ್ಕೋ. ಏಳು. ಮತ್ತೆ ಕೂತ್ಕೋ."

"ನಾನೇನು ಸರ್ಕಸ್ ನಾಯೀನಾ?"

ಪ್ರತಿ ಸಲವೂ ಮುಳ್ಳು ಅವನ ಜೊತೆಗೇ ಹೋಗಿ, ಅವನ ಜೊತೆಗೇ ಬರುತ್ತಿತ್ತು. ಸೀಳಾಗಿದ್ದರೆ ಅವನು ಎದ್ದ ಕೂಡಲೆ ಕೂಡಿಕೊಳ್ಳುತ್ತಿತ್ತೆ? ಪ್ರಯೋಗಾಲಯದಲ್ಲೂ ಈ ಸಣ್ಣ ನಡುಕ ಕಂಡಿತ್ತು. ಎಲ್ಲೋ ತಂತಿ ಸಡಿಲವೆಂದು ಶಪಿಸಿ ಬಿಟ್ಟಿದ್ದೆವು. ಭಾರ ಬಿದ್ದಾಗ ನಾರು ಹಿಗ್ಗಿ, ಆ ಹಿಗ್ಗನ್ನು ಹಲಗೆ ತನ್ನ ವಿದ್ಯುತ್ತಿನಲ್ಲೇ ತೋರಿಸುತ್ತಿತ್ತು. ಅದು ಹೊರುತ್ತಿತ್ತು, ಓಡಿಸುತ್ತಿತ್ತು, ಜೊತೆಗೆ ಹೊತ್ತದ್ದೆಷ್ಟೆಂದು ಹೇಳುತ್ತಲೂ ಇತ್ತು! ಗುನ್ವೋರ್ ಹಲಗೆಯನ್ನು ಗೆಣ್ಣಿನಿಂದ ತಟ್ಟಿದರು. ಅಂದು ಮಾತ್ರ ಆ ಪ್ರಶ್ನೆ ಕೇಳಲಿಲ್ಲ.

"ತೂಕಾನೂ ಮಾಡ್ತೀಯಾ! ಇಷ್ಟು ದಿನ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿಂಗೆ?" ಎಂದು ಬೈಯುತ್ತಲೇ ಗಳಗಳನೆ ಅತ್ತರು.

ಒಲೆ ಗುಡ್ಡದ ತುದಿ ಸೇರಿತು. ಅದನ್ನಿಳಿಸಿದ ಮೇಲೆ ಲೆನ್ನಾರ್ಟ್ ತಾನೇ ಹಲಗೆ ಹತ್ತಿದ, ಮುಳ್ಳು ನೋಡಿದ, ಇಳಿದ, ಮತ್ತೆ ಹತ್ತಿದ. ಆಮೇಲೆ ಟೋಪಿ ಸರಿಮಾಡಿಕೊಳ್ಳುತ್ತಾ, "ಕೋಣೆ ಬೀಗದ ಕೈ ನಿನ್ನ ಹತ್ರಾನೇ ಇರ್ಲಿ" ಎಂದ. "ಅಂದ್ರೆ ಇನ್ಮೇಲೆ ನಾನೆಷ್ಟು ಬನ್ನು ತಿಂದೆ ಅಂತ ಈ ಗಾಡಿ ಅಕ್ಕಂಗೆ ಚಾಡಿ ಹೇಳುತ್ತೆ" ಎಂದು ಹೋಲ್ಗರ್ ಗೊಣಗಿದ.

ವಸ್ತುವಿಗೊಂದು ಹೆಸರಿಟ್ಟು, ಒಂದು ಕೆಲಸ ಹಚ್ಚಿ, ಅದರ ಸಂಗತಿ ಮುಗಿಯಿತೆಂದು ನೆಮ್ಮದಿಯಾಗಿರುವವರು ನಾವು. ಗುನ್ವೋರ್ ಜಾತಿಯ ಜನಕ್ಕೆ ಆ ನೆಮ್ಮದಿ ಇಲ್ಲ. ಕೇಳಿದ್ದನ್ನೇ ಕೇಳುತ್ತಾರೆ, ನಗೆಪಾಟಲಾದರೂ ಉತ್ತರಕ್ಕೆ ಕಾಯುತ್ತಾರೆ, ಅದು ಬಂದಾಗ ಗೆದ್ದೆನೆಂದು ಬೀಗದೆ, ತಡವಾಯಿತೆಂದು ಅದನ್ನು ಪ್ರೀತಿಯಿಂದ ಗದರುತ್ತಾರೆ. ಮುರಿಯುವ ಲೆಕ್ಕವೊಂದನ್ನೇ ಬಲ್ಲ ನಾನು ಇಂದು ಅವರ ವ್ಯಕ್ತಿಚಿತ್ರ ಬರೆಯಲು ಕೂತಿದ್ದೇನೆಂದರೆ, ಅದಕ್ಕೆ ಕಾರಣ ಅಂದು ಅವರು ತಟ್ಟಿದ ಈ ಭುಜ. ಇಂಥವರು ತಟ್ಟಿದ ಮೇಲೆ ಹಲಗೆಯೇ ಸುಮ್ಮನಿರಲಾರದು, ಮನುಷ್ಯ ಹೇಗೆ ಸುಮ್ಮನಿದ್ದಾನು?