ಹೊಟ್ಟೆ ತುಂಬಿದ ಕೌದಿ

ನನ್ನ ನೆಗೆಣ್ಣಿ ರೇಣುಕವ್ವನ ಕೌದಿಗೆ ಕುಂದಗೋಳ ತಾಲೂಕಿನಲ್ಲೇ ಸಾಟಿಯಿಲ್ಲ. ಇದು ನಾನು ಹೇಳುವ ಮಾತಲ್ಲ, ಆಕೆಯೇ ಹೇಳುವುದು, ದಿನಾ ಹೇಳುವುದು. ಸುಳ್ಳೇನೂ ಅಲ್ಲ ಅನ್ನಿ. ಹಳೆ ಸೀರೆ, ಹರಿದ ಧೋತರ, ಸವೆದ ಕುಪ್ಪಸ ಏನೇ ಕೊಡಿ, ಆಕೆಯ ಹೊಲಿಗೆ ಅಕ್ಕಿ ಕಾಳು ಸಾಲಾಗಿ ಇಟ್ಟಂತೆ ಬರುತ್ತದೆ. ಆದರೆ ಆ ಕೌದಿಗೆ ಬೇರೆಯವರ ಕೈ ತಾಗುವಂತಿಲ್ಲ. ಕುಬಿಹಾಳದ ಈ ಮನೆಗೆ ಕಿರಿಸೊಸೆಯಾಗಿ ಬಂದಾಗಿನಿಂದ ನಾನು ಸೂಜಿಗೆ ದಾರ ಪೋಣಿಸಿ ಕೊಟ್ಟವಳೇ ಹೊರತು ಒಂದು ಹೊಲಿಗೆ ಹಾಕಿದವಳಲ್ಲ. "ನಿನ್ನ ಕೈ ಓರೆ ಐತಿ, ಫಕೀರವ್ವ," ಎಂದು ಬಂದ ವರ್ಷವೇ ಹೇಳಿಬಿಟ್ಟಿದ್ದಳು. ಆ ಮಾತಿಗೆ ನನಗೆ ಇಂದಿಗೂ ಮೈ ಉರಿಯುತ್ತದೆ.

ನಮ್ಮ ಮನೆಯಲ್ಲಿ ಕೌದಿ ಮುಗಿಯುವಾಗ ನಡುವೆ ಒಂದಿಷ್ಟು ಬಾಯಿ ಬಿಟ್ಟು, ಒಳಗೆ ಹೋಳಿಗೆಯ ಚೂರು ಇಟ್ಟು ಮುಚ್ಚುತ್ತೇವೆ. ಕೌದಿ ಹಸಿದಿರಬಾರದು. ಹಾಗೆ ಹೊಟ್ಟೆ ತುಂಬಿದ ಕೌದಿಗೆ ಮತ್ತೆ ಕತ್ತರಿ ಹಾಕುವುದಿಲ್ಲ.

ರೇಣುಕಕ್ಕನ ಮಗಳು ಸೀಮಾಳ ಮದುವೆಗೆ ಕೊಟ್ಟ ಕೌದಿಗೆ ಆಕೆಯ ಗಂಡನ ಊರು ಶಲವಡಿಯಲ್ಲಿ ಇರುವೆ ಮುತ್ತಿದವು. ಹೋಳಿಗೆಯ ಬೆಲ್ಲದ ಸುದ್ದಿ ಅವಕ್ಕೆ ಹೇಗೋ ಮುಟ್ಟಿತ್ತು. ಸೀಮಾಳ ಅತ್ತೆ ಬಸಲಿಂಗವ್ವ ಸುಮ್ಮನಿರುವ ಹೆಂಗಸಲ್ಲ. ಯಾರದೋ ಮದುವೆಯ ಪಂಕ್ತಿಯಲ್ಲಿ ಎಲ್ಲರಿಗೂ ಕೇಳುವ ಹಾಗೆ, "ನಮ್ಮ ಬೀಗರು ಕೌದಿ ಕೊಟ್ಟಾರೋ, ಇರಿವಿ ಗೂಡು ಕೊಟ್ಟಾರೋ," ಎಂದಳು. ಅಕ್ಕ ಅರ್ಧ ಊಟಕ್ಕೆ ಎದ್ದು ಬಂದಳು.

ಈಗ ಸೀಮಾ ತವರಿನಲ್ಲಿ ಚೊಚ್ಚಲ ಹೆಣ್ಣುಕೂಸು ಹಡೆದಿದ್ದಳು. ತೊಟ್ಟಿಲಿಗೆ ಹಾಕುವ ದಿನ ಕೂಸು ಅಜ್ಜಿಯ ಕೌದಿಯ ಮೇಲೆ ಮಲಗಬೇಕು. ಅತ್ತೆ ಹುಬ್ಬಳ್ಳಿಯಿಂದ ಮೆತ್ತನೆ ರಗ್ಗು ತರುತ್ತಾಳಂತೆ ಎಂದು ಸೀಮಾ ಬಾಯಿ ಬಿಟ್ಟಳು. ಅಕ್ಕನಿಗೆ ಅಷ್ಟು ಸಾಕಾಯಿತು.

"ಈ ಸಲ ಒಂದ ಇರಿವಿ ಹತ್ತಿದ್ರೂ ನಾ ಸೂಜಿ ಹಿಡಿಯೂದ ಬಿಡತೇನಿ," ಎಂದಳು.

ಬಾಜು ಮನೆಯ ಭಾವನಾ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ. ಸೇಜ್ ಎಂಬ ಗಿಡದ ಎಣ್ಣೆಯ ಪುಟ್ಟ ಬಾಟಲಿ ಅವರ ಮನೆಯಲ್ಲಿ ಸದಾ ಇರುತ್ತದೆ. ನೆಲ ಒರೆಸುವ ನೀರಿಗೆ ನಾಲ್ಕು ಹನಿ, ಬಟ್ಟೆಯ ಕಪಾಟಿಗೆ ಎರಡು, ಗಂಡ ವಿವೇಕನ ಬೂಟಿನೊಳಗೆ ಹತ್ತಿಗೆ ಹಚ್ಚಿ ಒಂದು. ಕರ್ಪೂರಕ್ಕೆ ತುಳಸಿ ಅರೆದು ಸೇರಿಸಿದಂಥ ಘಾಟು. ಹುಳಹುಪ್ಪಡಿ ಆ ಕಡೆ ಸುಳಿಯುವುದಿಲ್ಲವಂತೆ. ಟ್ರಂಕಿಗೆ ಬೇಕು ಎಂದು ಅಕ್ಕ ಕೇಳಿದಳು.

"ಹತ್ತಿಗೆ ಎರಡ ಹನಿ ಹಾಕಿ ಮೂಲ್ಯಾಗ ಇಡ್ರಿ, ಸಾಕು. ಭಾಳ ತೀಕ್ಷ್ಣ ಅದ," ಎಂದು ಭಾವನಾ ಬಾಟಲಿ ಕೊಟ್ಟಳು.

ಎರಡು ಹನಿ ಎಂಬ ಮಾತು ನಮ್ಮ ಅಕ್ಕನ ಕಿವಿಗೆ ಹೋಗುವುದಿಲ್ಲ. ಸಾರಿಗೆ ಖಾರ, ಎಮ್ಮೆಗೆ ಹಿಂಡಿ, ಮಗಳಿಗೆ ಬೈಗುಳ, ಯಾವುದನ್ನೂ ಆಕೆ ಅಳೆದು ಕೊಟ್ಟವಳಲ್ಲ. ಹೋಳಿಗೆಯ ಚೂರನ್ನು ಆ ಎಣ್ಣೆಯಲ್ಲಿ ತೋಯಿಸಿ, ಕೂಸಿನ ಕೌದಿಯ ಹೊಟ್ಟೆಗಿಟ್ಟು ಹೊಲಿದುಬಿಟ್ಟಳು.

ತೊಟ್ಟಿಲಿನ ಹಿಂದಿನ ದಿನ ಬ್ಯಾಂಕಿಗೆ ರಜೆ, ಬೆಳಿಗ್ಗೆ ಭಾವನಾ ಕೂಸು ನೋಡಲು ಬಂದಳು. ನೋಡುವವರು ಸಿಕ್ಕರೆ ಅಕ್ಕ ಬಿಡುತ್ತಾಳೆಯೇ? ಕೌದಿ ತಂದು ಪಡಸಾಲೆಯಲ್ಲಿ ಹಾಸಿದಳು. ಮನೆಯೆಲ್ಲ ಘಾಟು ತುಂಬಿತು.

"ಇದಕ್ಕ ಎಷ್ಟು ಹಾಕೀರಿ, ರೇಣುಕಕ್ಕಾ?" ಭಾವನಾ ಮೂಗು ಮುಚ್ಚಿಕೊಂಡಳು.

"ಹೋಳಗಿಗೆ ಹೊಟ್ಟಿತುಂಬ ಕುಡಿಸೇನ್ರಿ ಬಾಯಾರ. ಇರಿವಿ ಹೆಂಗ ಬರತಾವ ನೋಡೂಣು."

"ಅಯ್ಯ, ಟ್ರಂಕಿಗೆ ಅಂದಿದ್ರಿ, ಕೂಸಿನ ಕೌದಿಗೆ ಅಂತ ಹೇಳಲೇ ಇಲ್ಲಲ್ರಿ! ಹಸುಗೂಸಿನ ಹತ್ರ ಇದನ್ನ ತರಲೇಬಾರದು, ಬಾಟ್ಲಿ ಮ್ಯಾಲೆ ಬರದದ. ಉಸರಾಡಲಿಕ್ಕೆ ತ್ರಾಸ ಆಗ್ತದ ಅದಕ್ಕ."

ಸೀಮಾ ಕೂಸನ್ನು ಅವಚಿಕೊಂಡು ಒಳಕೋಣೆಗೆ ಹೋದಳು. ಅಕ್ಕ ಗೋಡೆಗೆ ಒರಗಿ ಕುಳಿತುಬಿಟ್ಟಳು. ಒಗೆದರೆ ಹೋಗುವುದಿಲ್ಲ, ಎಣ್ಣೆ ಇರುವುದು ಹೊಟ್ಟೆಯೊಳಗೆ. ಕತ್ತರಿ ಹಾಕುವಂತಿಲ್ಲ. ಹೊಸದು ಹೊಲಿಯಲು ಒಬ್ಬಳ ಕೈಗೆ ವಾರ ಬೇಕು, ಬೀಗರು ಬರುವುದು ನಾಳೆ. ಮಾವ ತೀರಿಕೊಂಡಾಗಲೂ ಕಣ್ಣೀರು ತೋರದ ಹೆಂಗಸು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನನಗೆ ಸಂಕಟವಾಯಿತು, ಸಿಟ್ಟೂ ಬಂತು.

"ಒಂದ ಕೈಗೆ ವಾರ ಬೇಕು, ಖರೇ. ನಾಕ ಮಂದಿ ಕೂತರ?" ಎಂದೆ.

ಆಕೆಯ ಕಣ್ಣು ನನ್ನ ಕೈಬೆರಳಿನ ಮೇಲೆ ಹೋಯಿತು.

"ಅಕ್ಕಾ, ನನ್ನ ಹೊಲಿಗಿ ಓರೆ ಇದ್ರ ಕೂಸಿಗೇನ ಚುಚ್ಚೂದಿಲ್ಲ. ಅಂಗಡಿ ರಗ್ಗಿನ ಮ್ಯಾಲ ಮಲಗಸ್ತೀಯೋ, ನಮ್ಮ ಕೌದಿ ಮ್ಯಾಲ ಮಲಗಸ್ತೀಯೋ? ಲಗೂ ಹೇಳು."

ಒಳಗೆ ಕೂಸು ಅತ್ತಿತು. ಅಕ್ಕ ಎದ್ದಳು. ಘಾಟಿನ ಕೌದಿಯನ್ನು ಸುತ್ತಿ ಅಟ್ಟಕ್ಕೆ ಎಸೆದಳು. ಸೋಪು ಹಚ್ಚಿ ಮೊಣಕೈವರೆಗೂ ತೊಳೆದುಕೊಂಡಳು. ಆ ಕೌದಿ ಇಟ್ಟಿದ್ದ ಟ್ರಂಕಿನ ಬಟ್ಟೆಗೂ ವಾಸನೆ ಹಿಡಿದಿರುತ್ತದೆಂದು, ಹಿತ್ತಲಿನ ಹಗ್ಗದ ಮೇಲೆ ಒಣಗುತ್ತಿದ್ದ ತಾನು ಉಡುವ ಇಳಕಲ್ ಸೀರೆಯನ್ನೇ ಎಳೆದು ತಂದು ಪರ್‍ರನೆ ಹರಿದಳು.

"ಹಿಂದಿನ ಓಣಿ ರಜಿಯಾಬಿನ್ನ ಕರಿ. ಭಾವನಾಬಾಯಾರ, ನೀವೂ ಒಂದ ಮೂಲಿ ಹಿಡದು ಕುಂದರ್ರಿ."

ನಾಲ್ಕು ಮೂಲೆಗೆ ನಾಲ್ವರು ಕುಳಿತೆವು. ಕೌದಿಯನ್ನು ಅಂಚಿನಿಂದ ಹೊಲಿಯುತ್ತ ನಡುವಿಗೆ ಬರಬೇಕು. ರಜಿಯಾಬಿಯ ಕೈ ಚುರುಕು. ಭಾವನಾ ಬೆರಳು ಚುಚ್ಚಿಕೊಂಡು ಪ್ರತಿ ಸಲ ಅಯ್ಯ ಎನ್ನುತ್ತಿದ್ದಳು. ನನ್ನ ಸಾಲು ಓರೆಯಾಗಿಯೇ ಹೋಯಿತು. ಅಕ್ಕ ನೋಡಿದಳು, ತುಟಿ ಕಚ್ಚಿಕೊಂಡಳು, ಬಿಚ್ಚು ಎನ್ನಲಿಲ್ಲ. ಆಕೆಗೆ ಅದು ಎಷ್ಟು ಕಷ್ಟವೋ ನನಗೊಬ್ಬಳಿಗೇ ಗೊತ್ತು.

ಹೊತ್ತು ಮುಳುಗುವ ಮುನ್ನ ನಡುವಿಗೆ ಬಂದೆವು. ಹೊಟ್ಟೆಗೆ ಹೋಳಿಗೆ ಬೇಡ, ಕಟಕ ರೊಟ್ಟಿ ಇಡೋಣ ಎಂದೆ. ಒಣಗಿದ ಜೋಳದ ರೊಟ್ಟಿಯಲ್ಲಿ ಬೆಲ್ಲವಿಲ್ಲ, ಇರುವೆಗೇನು ಕೆಲಸ? ಅಕ್ಕ ರೊಟ್ಟಿಯ ಚೂರು ಒಳಗಿಟ್ಟು ಸೂಜಿಯನ್ನು ನನ್ನ ಕಡೆ ಚಾಚಿದಳು.

"ಮುಚ್ಚು."

"ನನ್ನ ಕೈ ಓರೆ ಐತಿ."

"ಗೊತ್ತೈತಿ. ಮುಚ್ಚು ಅಂದೆ."

ಮರುದಿನ ಪಡಸಾಲೆ ತುಂಬ ಜನ. ಬಸಲಿಂಗವ್ವ ರಗ್ಗಿನ ಚೀಲ ಬಗಲಲ್ಲಿಟ್ಟುಕೊಂಡು, ತೊಟ್ಟಿಲಿನ ಕೌದಿ ಎತ್ತಿ ಮೂಸಿದಳು, ಕೊಡವಿದಳು. ಇರುವೆ ಸಿಗಲಿಲ್ಲ. ಕೊನೆಗೆ ಆಕೆಯ ಬೆರಳು ನಡುವಿಗೆ ಬಂದು ನಿಂತಿತು.

"ಇದೇನ್ರಿ ಬೀಗತಿ, ಈ ಹೊಲಿಗಿ ಎತ್ತು ಉಚ್ಚಿ ಹೊಯ್ದಂಗ ಹೋಗೈತಿ? ಇದು ನಿಮ್ಮ ಕೈ ಅಲ್ಲ ಬಿಡ್ರಿ."

ನಾನು ತಲೆ ತಗ್ಗಿಸಿದೆ. ಅಕ್ಕ ಸೆರಗು ಸರಿ ಮಾಡಿಕೊಂಡು ಮುಂದೆ ಬಂದಳು.

"ಅಲ್ಲ. ನನ್ನ ಕೈಯಾಂದು ಅಟ್ಟದ ಮ್ಯಾಲೈತಿ. ಇರಿವಿ ಗೂಡು ಅಂದ್ರಲ್ಲಾ, ಆ ಸಿಟ್ಟಿಗೆ ಎಣ್ಣಿ ಸುರದು ನಾನ ಕೆಡಿಸೇನಿ. ಇದು ನಾಕ ಮಂದಿ ಕೂತು ಹೊಲದದ್ದು. ನೀವು ಬೆರಳ ಇಟ್ಟೀರಲ್ಲಾ, ಆ ಹೊಲಿಗಿ ನನ್ನ ತಂಗಿ ಫಕೀರವ್ವಂದು. ನನ್ನ ಮೊಮ್ಮಗಳ ಕೌದಿ ಹೊಟ್ಟಿ ಆಕಿನ ಮುಚ್ಯಾಳ. ನೆಟ್ಟಗ ನೋಡ್ಕೊರ್ರಿ."

ಸೀಮಾ ಕೂಸನ್ನು ತಂದು ಅದರ ಮೇಲೆ ಮಲಗಿಸಿದಳು. ಅದು ಒಮ್ಮೆ ಆಕಳಿಸಿ, ಕೌದಿ ಒದ್ದೆ ಮಾಡಿ, ನಿದ್ದೆ ಹೋಯಿತು. ರಗ್ಗು ಚೀಲದಿಂದ ಹೊರಗೆ ಬರಲೇ ಇಲ್ಲ.

ಹೋಗುವಾಗ ಬಸಲಿಂಗವ್ವ ತಮ್ಮ ಮನೆಯ ಇರುವೆಗೆಂದು ಮೆಲ್ಲಗೆ ಆ ಎಣ್ಣೆ ಕೇಳಿದಳು. ಅಕ್ಕ ಉಳಿದ ಬಾಟಲಿ ಕೊಟ್ಟು, ಎರಡೇ ಹನಿ, ಕೂಸಿನಿಂದ ದೂರ ಎಂದು ದೊಡ್ಡ ಪಂಡಿತಳಂತೆ ಹೇಳಿ ಕಳಿಸಿದಳು. ನಾನು ತೊಟ್ಟಿಲ ಬಳಿ ನಿಂತು ನಡುವಿನ ಆ ಸಾಲನ್ನು ಮತ್ತೊಮ್ಮೆ ನೋಡಿದೆ. ಓರೆಯೇ. ಕುಬಿಹಾಳಕ್ಕೆಲ್ಲ ಕರೆದು ತೋರಿಸಬೇಕು ಅನ್ನಿಸಿತು.